ತೊಳಸುವ ಹೊಟ್ಟೆಗೆ ಚಮಚದ ಲೆಕ್ಕ

ಹೊಟ್ಟೆ ತೊಳಸತೊಡಗಿದರೆ ನಾನು ಮೊದಲು ನೋಡುವುದು ಗಡಿಯಾರ. ನರ್ಸ್ ಕೆಲಸದಿಂದ ಬಂದ ಅಭ್ಯಾಸ ಇದು. ರೋಗಿಗಳಿಗೆ ಹಾಕುವ ಪ್ರಶ್ನೆಯನ್ನೇ ನನಗೂ ಹಾಕಿಕೊಳ್ಳುತ್ತೇನೆ: ತಿಂದದ್ದು ಯಾವಾಗ, ಶುರುವಾದದ್ದು ಯಾವಾಗ? ತಿಂದ ಕೆಲವೇ ಗಂಟೆಗಳಲ್ಲಿ ಜೋರಾಗಿ ವಾಂತಿಯಾದರೆ, ಕೆಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾ ಮೊದಲೇ ಬಿಟ್ಟಿದ್ದ ವಿಷದ ಮೇಲೆ ಅನುಮಾನ. ಅದು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ವಾಂತಿ-ಭೇದಿ ತರುವ ನೊರೋವೈರಸ್ ಹಾಗಲ್ಲ, ಒಳಹೊಕ್ಕ ಮೇಲೆ 12ರಿಂದ 48 ಗಂಟೆ ಸುಮ್ಮನಿದ್ದು ಆಮೇಲೆ ಕಾಡುತ್ತದೆ. ಆಗ ಈಗಷ್ಟೇ ಮುಗಿಸಿದ ಊಟವನ್ನು ಬೈದು ಪ್ರಯೋಜನವಿಲ್ಲ.

ಎಷ್ಟೋ ಸಲ ಕಾರಣ ತಟ್ಟೆಯಲ್ಲಿರುವುದಿಲ್ಲ, ಮಾತ್ರೆಯ ಡಬ್ಬಿಯಲ್ಲಿರುತ್ತದೆ. ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಎಲ್ಲಕ್ಕೂ ಈ ಗುಣವಿದೆ. ನನಗೆ ವಾಕರಿಕೆ ತಂದದ್ದು ಕಬ್ಬಿಣಾಂಶದ ಮಾತ್ರೆ. ವೈದ್ಯರನ್ನು ಕೇಳಿ ಊಟದ ನಂತರಕ್ಕೆ ಬದಲಾಯಿಸಿಕೊಂಡೆ. ಹಾಗೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ನಿಜ. ಆದರೆ ನುಂಗದೆ ಬಿಟ್ಟ ಮಾತ್ರೆಯಿಂದ ಏನೂ ಹತ್ತುವುದಿಲ್ಲವಲ್ಲ!

ವಾಂತಿಯಾದ ಕೂಡಲೇ ಬಾಯಿ ಒಣಗುತ್ತದೆ, ಲೋಟ ಎತ್ತಿ ಗಟಗಟ ಕುಡಿಯೋಣ ಅನಿಸುತ್ತದೆ. ಕುಡಿದರೆ ಹಿಗ್ಗಿದ ಹೊಟ್ಟೆ ಅಷ್ಟನ್ನೂ ವಾಪಸ್ ಕಳಿಸುತ್ತದೆ. ನಾನು ಹತ್ತು ನಿಮಿಷ ಏನನ್ನೂ ಮುಟ್ಟುವುದಿಲ್ಲ. ಆಮೇಲೆ ಓಆರ್‌ಎಸ್, ಒಂದೆರಡು ನಿಮಿಷಕ್ಕೊಂದು ಚಮಚ. ಬೇಜಾರಿನ ಕೆಲಸ, ಆದರೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಬೇಕು. ಅದರಲ್ಲಿರುವ ಗ್ಲೂಕೋಸ್ ಮತ್ತು ಸೋಡಿಯಂ (ಉಪ್ಪಿನಂಶ) ಎರಡನ್ನೂ ಸಣ್ಣ ಕರುಳು ಜೊತೆಯಾಗಿ ಹೀರಿಕೊಳ್ಳುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಸಕ್ಕರೆ ಅತಿಯಾದರೆ ಅದೇ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅದಕ್ಕೇ ಭೇದಿಯಾದಾಗ ತಂಪು ಪಾನೀಯ, ಸಿಹಿ ಜ್ಯೂಸ್ ಬೇಡ ಅನ್ನುತ್ತೇನೆ.

ಶುಂಠಿ? ಗರ್ಭಿಣಿಯರ ವಾಕರಿಕೆಗೆ ಒಂದಿಷ್ಟು ಉಪಯೋಗ ಕಂಡಿದೆ. ಎದೆಯುರಿ ಇದ್ದಾಗ ನನಗಂತೂ ಅದು ಉರಿಯನ್ನೇ ಜಾಸ್ತಿ ಮಾಡುತ್ತದೆ. ನನಗೆ ಅದಕ್ಕಿಂತ ಒಗ್ಗಿದ್ದು ಇಂಜೆಕ್ಷನ್‌ಗೆ ಮೊದಲು ಚರ್ಮ ಒರೆಸುವ ಸ್ಪಿರಿಟ್ ಸ್ವಾಬ್: ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರೆಳೆದರೆ ವಾಕರಿಕೆ ತಗ್ಗುತ್ತದೆ. ತಮಾಷೆಯಲ್ಲ, ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ.

ಭೇದಿ ನಿಲ್ಲಿಸುವ ಮಾತ್ರೆಯನ್ನು ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ನಾನು ಮುಟ್ಟುವುದಿಲ್ಲ. ವಾಂತಿಯಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಬಲಭಾಗದ ಕೆಳಹೊಟ್ಟೆಯಲ್ಲಿ ಹೆಚ್ಚುತ್ತಲೇ ಹೋಗುವ ನೋವು, ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಇವಕ್ಕೆ ಮನೆಮದ್ದಿಲ್ಲ, ನೇರ ಆಸ್ಪತ್ರೆಗೆ. ವಾಕರಿಕೆಯ ಜೊತೆ ಬೆವರು, ಎದೆ ಬಿಗಿತ ಇದ್ದರೆ ಗ್ಯಾಸ್ ಅಂತ ಕಾಯುತ್ತಾ ಕೂರಬಾರದು; ಹೃದಯಾಘಾತವೂ ಹೀಗೆ ಬರುತ್ತದೆ.

ಗುಣವಾದ ಮೇಲೂ ಎರಡು ದಿನ ನಾನು ಬೇರೆಯವರಿಗೆ ಅಡುಗೆ ಮಾಡುವುದಿಲ್ಲ. ಕೈಯನ್ನು ಸೋಪು ಹಾಕಿಯೇ ತೊಳೆಯುತ್ತೇನೆ, ನೊರೋವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ.