ಹಳಿಯಿಲ್ಲದ ಜಿಲ್ಲೆಯಿಂದ ರೈಲಿನ ಫೋಟೊ

ರಾಜಾಸೀಟಿನ ಪುಟಾಣಿ ರೈಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊಡಗಿನಲ್ಲಿ ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುವ ಮಾತು ವರ್ಷಗಟ್ಟಲೆಯಿಂದ ಮಾತಾಗಿಯೇ ಉಳಿದಿದೆ. ಹಾಗಾಗಿ ಇಲ್ಲಿ ರೈಲಿನ ಫೋಟೊ ತೆಗೆಯುವ ಹುಚ್ಚು ಹತ್ತಿದವರಿಗೆ ಒಂದೊಂದು ಫೋಟೊಗೂ ಒಂದೊಂದು ದಿನ ಖರ್ಚು. ಇಷ್ಟು ದೂರ ಹೋದರೂ ಸಿಗುವ ಹೊತ್ತು ಎಷ್ಟು? 22 ಬೋಗಿಯ ರೈಲು ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮ್ಮೆದುರು ದಾಟಿಹೋಗಲು ಸುಮಾರು 20 ಸೆಕೆಂಡು ಸಾಕು. ಅದರಲ್ಲಿ ಎಂಜಿನ್ ಅಂದುಕೊಂಡ ಜಾಗದಲ್ಲಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಜಾಗ, ಬೆಳಕು, ಕ್ಯಾಮೆರಾದ ಲೆಕ್ಕ ಎಲ್ಲವನ್ನೂ ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು.

ಮೊದಲು ಬಸ್ಸು, ಆಮೇಲೆ ರೈಲು

ಅಭ್ಯಾಸಕ್ಕೆ ರೈಲೇ ಬೇಕಿಲ್ಲ. ರಸ್ತೆ ಬದಿಯ ತೋಟವಿದ್ದರೆ ಗೇಟಿನ ಒಳಗೇ ನಿಂತು ಸರ್ಕಾರಿ ಕೆಂಪು ಬಸ್ಸಿನ ಫೋಟೊ ತೆಗೆಯಿರಿ. ತಿರುವಿನಲ್ಲಿ 40 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಘಾಟಿ ಇಳಿಯುವ ರೈಲಿಗಿಂತ ತುಸು ಜೋರು ಅಷ್ಟೇ. ಶಟರ್ (ಬೆಳಕು ಒಳಗೆ ಬರಲು ತೆರೆದಿರುವ ಹೊತ್ತು) ಸೆಕೆಂಡಿನ 1/500ರಲ್ಲಿಟ್ಟು ಬೋರ್ಡಿನ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಬಂದರೆ ಒಂದು ಪಾಠ ಮುಗಿಯಿತು. ಇನ್ನೊಂದು ಪಾಠ ಪ್ಯಾನಿಂಗ್, ಅಂದರೆ ಬಸ್ಸು ಸ್ಪಷ್ಟವಾಗಿ, ಹಿನ್ನೆಲೆ ಮಸುಕಾಗಿ ಬರುವಂತೆ ತೆಗೆಯುವುದು: ಶಟರ್ 1/30ಕ್ಕೆ ಇಳಿಸಿ, ಪಾದ ಕದಲಿಸದೆ ಸೊಂಟದಿಂದ ಮೇಲಿನ ಮೈಯನ್ನು ಬಸ್ಸಿನ ಜೊತೆಗೇ ತಿರುಗಿಸುತ್ತಾ ಕ್ಲಿಕ್ ಮಾಡಿ, ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ. ಹೊಸಬರು ಗುಂಡಿ ಒತ್ತಿದ ಕೂಡಲೇ ನಿಂತುಬಿಡುತ್ತಾರೆ, ಬಸ್ಸು ಕಲಸಿಹೋಗುವುದು ಅಲ್ಲೇ. ಹತ್ತಕ್ಕೆ ಒಂದು ಸರಿ ಬಂದರೂ ಕೈ ಕುದುರುತ್ತಿದೆ ಎಂದೇ ಅರ್ಥ.

ಯಾವ ದಿಕ್ಕಿಗೆ ಹೋಗುವುದು

ಕುಶಾಲನಗರದ ಕಡೆಯವರಿಗೆ ಮೈಸೂರೇ ಸುಲಭ. ಅಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ. ನಿಂತೇ ಇರುವ ಉಗಿ ಎಂಜಿನ್‌ಗಳ ಸುತ್ತ ನಡೆದು ಯಾವ ಕೋನದಲ್ಲಿ ಮೂತಿ ಚೆಂದ, ಯಾವ ಹೊತ್ತಿನಲ್ಲಿ ಗಾಲಿಗಳು ಕಪ್ಪಾಗುತ್ತವೆ ಎಂದು ಪುರುಸೊತ್ತಾಗಿ ನೋಡಬಹುದು. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರು ಅಥವಾ ತಲಶ್ಶೇರಿಗೆ ಹೋದರೆ ಜೋಡಿ ಹಳಿಯ, ವಿದ್ಯುತ್ ತಂತಿಯ ಮಾರ್ಗ ಸಿಗುತ್ತದೆ, ರೈಲುಗಳಿಗೂ ಬರವಿಲ್ಲ. ಮಡಿಕೇರಿಯಿಂದ ಸಂಪಾಜೆ, ಸುಳ್ಯದ ಮೇಲೆ ನೆಟ್ಟಣಕ್ಕೆ ಹೋದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಸೋಮವಾರಪೇಟೆ, ಶನಿವಾರಸಂತೆಯವರಿಗೆ ಸಕಲೇಶಪುರ ಹತ್ತಿರ.

ಬೆಳಕಿನ ವಿಚಾರದಲ್ಲಿ ಒಂದು ಉದಾಹರಣೆ. ಮೈಸೂರಿನಿಂದ ಶ್ರೀರಂಗಪಟ್ಟಣದ ತನಕ ಹಳಿ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸಾಗುತ್ತದೆ. ಚಳಿಗಾಲದ ಬೆಳಿಗ್ಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ. ಆಗ ಹಳಿಯ ಪೂರ್ವಕ್ಕೆ ನಿಂತು ಮೈಸೂರಿನತ್ತ ಬರುವ ರೈಲನ್ನು ಹಿಡಿದರೆ ಎಂಜಿನ್ನಿನ ಮೂತಿಗೂ ಪಕ್ಕೆಗೂ ಬೆಳಕು ಬೀಳುತ್ತದೆ. ಅದೇ ಜಾಗದಲ್ಲಿ ಬೆಂಗಳೂರಿಗೆ ಹೊರಟ ರೈಲು ಬಂದರೆ ಪಕ್ಕೆ ಬೆಳಗಿ ಮೂತಿ ನೆರಳಲ್ಲಿ ಉಳಿಯುತ್ತದೆ. ಕ್ಯಾಮೆರಾ ಬದಲಿಸಿದರೆ ಇದು ಸರಿಹೋಗುವುದಿಲ್ಲ, ರೈಲು ಬದಲಿಸಬೇಕು. ಮಧ್ಯಾಹ್ನವಾದರೆ ಪಶ್ಚಿಮಕ್ಕೆ ದಾಟಿಕೊಳ್ಳಿ, ಹಳಿಯ ಮೇಲಿಂದಲ್ಲ, ಮೇಲ್ಸೇತುವೆಯಿಂದ. ನೆತ್ತಿಯ ಬಿಸಿಲಿನಲ್ಲಿ ಗಾಲಿ, ಬೋಗಿಯ ತಳವೆಲ್ಲ ಮಸಿಯಾಗುತ್ತವೆ, ಆಗ ಊಟ ಮಾಡುವುದು ವಾಸಿ.

ರೈಲು ಎಲ್ಲಿದೆ ಎಂದು ತಿಳಿಯಲು ರೈಲ್ವೆಯದೇ ಎನ್‌ಟಿಇಎಸ್ ಆ್ಯಪ್ ಸಾಕು. ಗೂಡ್ಸ್ ಗಾಡಿಗಳು ಅದರಲ್ಲಿ ಕಾಣುವುದಿಲ್ಲ. ಅವಕ್ಕೆ ಸಿಗ್ನಲ್ ನೋಡುತ್ತಾ ಕಾಯುವುದೊಂದೇ ದಾರಿ.

ನಿಲ್ಲುವ ಜಾಗ

ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳಿ, ಹಳದಿ ಗೆರೆಯ ಹಿಂದೆ ನಿಲ್ಲಿ. ದೊಡ್ಡ ಲೆನ್ಸ್ ಇದ್ದರೆ ಮೊದಲೇ ಸ್ಟೇಷನ್ ಮಾಸ್ಟರ್ ಅವರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಟ್ರೈಪಾಡ್ ಬಿಡಿಸಿದ ತಕ್ಷಣ ಪೊಲೀಸರು ಬಂದು ವಿಚಾರಿಸುವುದು ಸಹಜ. ಬೇಡ ಎಂದರೆ ವಾದಿಸದೆ ಕ್ಯಾಮೆರಾ ಚೀಲಕ್ಕೆ ಸೇರಿಸಿ. ಲೆವೆಲ್ ಕ್ರಾಸಿಂಗ್ ಗೇಟಿನ ಹೊರಗೆ, ರಸ್ತೆ ಮೇಲ್ಸೇತುವೆಯ ಫುಟ್‌ಪಾತಿನ ಮೇಲೆ ನಿಂತರೆ ತಕರಾರು ಕಡಿಮೆ. ಆದರೆ ಮೇಲ್ಸೇತುವೆಯಿಂದ ಸೆಲ್ಫಿ ಸ್ಟಿಕ್ ಚಾಚಬೇಡಿ. ಕೆಳಗಿನ ತಂತಿಯಲ್ಲಿರುವುದು 25,000 ವೋಲ್ಟ್, ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಡ್ರೋನ್ ಮನೆಯಲ್ಲೇ ಇರಲಿ.

ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಒಂದು ಕಾಲಕ್ಕೆ ಸಕಲೇಶಪುರ ಘಾಟಿಯಲ್ಲಿ ದೋಣಿಗಲ್‌ನಿಂದ ಎಡಕುಮೇರಿಗೆ ಹಳಿ ಹಿಡಿದು ಚಾರಣ ಹೋಗುವ ಗೀಳಿತ್ತು. ಈಗ ಹಾಗೆ ಹೋದವರನ್ನು ಹಿಡಿದು ಕೇಸು ಹಾಕುತ್ತಾರೆ, ಹಾಕುವುದೂ ಸರಿಯೇ. ಸುರಂಗದೊಳಗೆ ರೈಲು ಎದುರಾದರೆ ಓಡಲು ಜಾಗವಿಲ್ಲ.

ಕ್ಯಾಮೆರಾದ ಲೆಕ್ಕ

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಶಟರ್ 1/250 ಇದ್ದರೆ ಅದು ತೆರೆದು ಮುಚ್ಚುವಷ್ಟರಲ್ಲಿ ರೈಲು 11 ಸೆಂ.ಮೀ. ಮುಂದೆ ಹೋಗಿರುತ್ತದೆ, ಎಂಜಿನ್ನಿನ ನಂಬರು ಓದಲಾಗದು. 1/1000ಕ್ಕೆ ಇದು 3 ಸೆಂ.ಮೀ.ಗಿಂತ ಕಡಿಮೆ. ರೈಲು ನಿಮ್ಮತ್ತಲೇ ಓರೆಯಾಗಿ ಬರುತ್ತಿದ್ದರೆ 1/640 ನಡೆಯುತ್ತದೆ, ಅಡ್ಡಲಾಗಿ ಹೋಗುತ್ತಿದ್ದರೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್/5.6. ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 200ರಿಂದ 400, ಮೋಡ ಕವಿದಿದ್ದರೆ 1600ರ ತನಕ ಏರಿಸಿ. ಕಾಳು ಕಾಳಾದ ಫೋಟೊವನ್ನು ಆಮೇಲೆ ಒಂದಿಷ್ಟು ಸರಿಪಡಿಸಬಹುದು, ಅಲುಗಿದ್ದನ್ನು ಆಗದು.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬ ಲೆಕ್ಕವನ್ನು ಆಟೋದಲ್ಲಿ ಬಿಡಬೇಡಿ. ದೂರದಿಂದ ಹೆಡ್‌ಲೈಟ್ ಉರಿಸಿಕೊಂಡು ಬರುವ ಎಂಜಿನ್ ನೋಡಿ ಕ್ಯಾಮೆರಾ ಬೆದರಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ಹಿಂದೆ ಕಪ್ಪು ಹಸಿರಿನ ಕಾಡಿದ್ದರೆ ಉಲ್ಟಾ: ವಂದೇ ಭಾರತ್‌ನ ಬಿಳಿ ಮೂತಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗುತ್ತದೆ. ಮೊದಲು ಬರುವ ಯಾವುದಾದರೂ ಪ್ಯಾಸೆಂಜರ್ ಗಾಡಿಯನ್ನು ತೆಗೆದು, ಪರದೆಯಲ್ಲಿ ನೋಡಿ, ಮ್ಯಾನುಯಲ್‌ನಲ್ಲಿ ಲೆಕ್ಕ ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ಎಡವಟ್ಟು ಹಲವರಿಗೆ ಅರ್ಥವೇ ಆಗುವುದಿಲ್ಲ. ಅಡ್ಡಲಾಗಿ ಹೋಗುವ ರೈಲಿನ ಫೋಟೊದಲ್ಲಿ ಕಿಟಕಿ ಬಾಗಿಲುಗಳೆಲ್ಲ ಗಾಳಿಗೆ ವಾಲಿದ ಬೇಲಿಗೂಟದಂತೆ ಓರೆಯಾಗಿರುತ್ತವೆ, ಹಿಂದಿನ ಕಂಬ ಮಾತ್ರ ನೆಟ್ಟಗಿರುತ್ತದೆ. ಇದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನ ಕೆಲಸ. ಅದು ಚಿತ್ರವನ್ನು ಒಂದೇ ಏಟಿಗೆ ಹಿಡಿಯದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸಲು 1/30 ಸೆಕೆಂಡು ಹಿಡಿದರೆ ಅಷ್ಟರಲ್ಲಿ ರೈಲು ಸುಮಾರು ಒಂದು ಮೀಟರ್ ಸರಿದಿರುತ್ತದೆ. ಶಟರ್ ವೇಗ ಹೆಚ್ಚಿಸಿದರೂ ಈ ವಾಲುವಿಕೆ ಹೋಗದು. ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಆರಿಸಿ. ಮೊಬೈಲಿನಲ್ಲಿ ಆ ಆಯ್ಕೆಯೇ ಇಲ್ಲವಾದ್ದರಿಂದ ಅಡ್ಡ ಹೋಗುವ ರೈಲನ್ನು ಬಿಟ್ಟು, ತಿರುವಿನಲ್ಲಿ ಎದುರು ಬರುವುದನ್ನು ಹಿಡಿಯಿರಿ.

ಫೋಕಸ್ ಕೂಡ ಮೊದಲೇ ಆಗಬೇಕು. ಎಂಜಿನ್ ಬಂದು ತಲುಪಬೇಕಾದ ಜಾಗದಲ್ಲಿ ಒಂದು ಸ್ಲೀಪರ್ (ಹಳಿಯಡಿಯ ಅಡ್ಡತೊಲೆ) ಅಥವಾ ಕಂಬ ಗುರುತು ಮಾಡಿ ಅಲ್ಲಿಗೆ ಫೋಕಸ್ ಇಟ್ಟು ಲಾಕ್ ಮಾಡಿ. ವಿದ್ಯುತ್ ಮಾರ್ಗದಲ್ಲಿ ಕಂಬವೊಂದು ಎಂಜಿನ್ನಿನ ಮೂತಿಗೇ ಅಡ್ಡ ಬರುವ ಅಪಾಯವಿದೆ. ಮೂತಿ ಎರಡು ಕಂಬಗಳ ನಡುವೆ ಬರುವಂತೆ ನಿಂತ ಜಾಗ ಹೊಂದಿಸಿಕೊಳ್ಳಿ. ರೈಲು ಚುಕ್ಕಿಯಷ್ಟು ಕಂಡಾಗಲೇ ಟಕಟಕ ಒತ್ತಲು ಶುರು ಮಾಡಿದರೆ ಗುರುತಿನ ಜಾಗಕ್ಕೆ ಬರುವ ಹೊತ್ತಿಗೆ ಕ್ಯಾಮೆರಾದ ಬಫರ್ (ಫೋಟೊಗಳನ್ನು ಕಾರ್ಡಿಗೆ ಬರೆಯುವ ತನಕ ಇಟ್ಟುಕೊಳ್ಳುವ ನೆನಪು) ತುಂಬಿ ಅದು ಉಸಿರು ಕಟ್ಟಿ ಕೂರುತ್ತದೆ. ಗುರುತಿಗಿಂತ ಒಂದು ಬೋಗಿಯಷ್ಟು ಮೊದಲು ಒತ್ತಿದರೆ ಸಾಕು, ಐದಾರು ಫ್ರೇಮು.

ಘಾಟಿಯನ್ನು ಕಿಟಕಿಯಿಂದ

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗಗಳು, 50 ಮೀಟರಿಗೆ ಒಂದು ಮೀಟರ್ ಏರು. ಏರುವ ಗೂಡ್ಸ್ ಗಾಡಿಗೆ ಹಿಂದಿನಿಂದಲೂ ಎಂಜಿನ್ ತಳ್ಳುತ್ತದೆ. ಇದನ್ನು ನೋಡಲು ನ್ಯಾಯವಾದ ದಾರಿ ಎಂದರೆ ಹಗಲು ರೈಲಿನ ಟಿಕೆಟ್. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ 2021ರಿಂದ ಈ ಮಾರ್ಗದಲ್ಲಿದೆ. ಆದರೆ ಫೋಟೊಕ್ಕೆ ಗಾಜಿಲ್ಲದ ಸಾಮಾನ್ಯ ಬೋಗಿಯ ಕಿಟಕಿಯೇ ಮೇಲು. ಗಾಜಿದ್ದರೆ ಲೆನ್ಸಿನ ಹುಡ್ ಅನ್ನು ಗಾಜಿಗೆ ಒತ್ತಿ, ಸುತ್ತ ಕಪ್ಪು ಬಟ್ಟೆ ಹಿಡಿಯಿರಿ.

ಹಿಂದಿನ ಬೋಗಿಯಲ್ಲಿ ಕುಳಿತರೆ ತಿರುವಿನಲ್ಲಿ ನಿಮ್ಮದೇ ರೈಲಿನ ಎಂಜಿನ್ ಸೇತುವೆಯ ಮೇಲೆ ಕಾಣುತ್ತದೆ, ತಿರುವಿನ ಒಳಬದಿಯ ಕಿಟಕಿಯಿಂದ ಮಾತ್ರ. ಮೊಬೈಲಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಕೈ, ಲೆನ್ಸ್ ಎರಡೂ ಸರಳುಗಳ ಒಳಗೇ ಇರಲಿ. ಬಾಗಿಲಿನಲ್ಲಿ ಜೋತು ಬೀಳುವುದು ಬೇಡ, ಸುರಂಗದ ಗೋಡೆ ಬೋಗಿಗೆ ಅಂಟಿಕೊಂಡಂತೆಯೇ ಇದೆ. ಸುರಂಗದಿಂದ ಹೊರಬಿದ್ದ ಕ್ಷಣದಲ್ಲಿ ಆಟೋ ಎಕ್ಸ್‌ಪೋಶರ್ ತಡವರಿಸಿ ಕಣಿವೆಯೆಲ್ಲ ಬೆಳ್ಳಗಾಗುತ್ತದೆ. ಹೊರಗಿನ ಬೆಳಕಿಗೆ ಮೊದಲೇ ಲಾಕ್ ಮಾಡಿಡಿ.

ಮಳೆಗಾಲದಲ್ಲಿ ಹೊರಡುವ ಮುನ್ನ ರೈಲು ಓಡುತ್ತಿದೆಯೇ ನೋಡಿಕೊಳ್ಳಿ. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ದಿನಗಟ್ಟಲೆ ಸಂಚಾರ ನಿಂತಿತ್ತು.

ಮನೆಗೆ ಬಂದ ಮೇಲೆ

ನಮ್ಮ ಜೂನ್–ಸೆಪ್ಟೆಂಬರಿನ ಥಂಡಿಯಲ್ಲಿ ಚರ್ಮದ ಚಪ್ಪಲಿಗೆ ಬರುವ ಬೂಷ್ಟು ಲೆನ್ಸಿಗೂ ಬರುತ್ತದೆ. ಒಳಗಾಜಿನ ಮೇಲೆ ಜೇಡರ ಬಲೆಯಂತೆ ಹರಡಿದರೆ ಬಿಚ್ಚಿಸಿ ತೊಳೆಸಲೇಬೇಕು. ನೆನೆದ ಕ್ಯಾಮೆರಾ ಚೀಲದೊಳಗೆ ಕ್ಯಾಮೆರಾ ಇಟ್ಟು ಬೀರುವಿಗೆ ಸೇರಿಸುವುದೇ ಇದಕ್ಕೆ ದೊಡ್ಡ ಕಾರಣ. ಚೀಲ ಬೇರೆ ಒಣಗಲಿ. ಕ್ಯಾಮೆರಾವನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಗಾಳಿಯಲ್ಲಿ ಒಂದೆರಡು ಗಂಟೆ ಇಟ್ಟು, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. 20 ಲೀಟರ್ ಡಬ್ಬಿಗೆ ಕಾಲು ಕೆ.ಜಿ. ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಾಂಶ ಮಾಪಕ. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಬೇಕು. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ಹುಡಿ ಗುಂಡಿಗಳ ಸಂದಿಗೆ ಹೋಗುವುದಷ್ಟೇ ಲಾಭ. ಬಚ್ಚಲ ಒಲೆಯ ಮೇಲಿನ ಅಟ್ಟ ಕಾಳುಮೆಣಸಿಗೆ ಸರಿ, ಲೆನ್ಸಿಗಲ್ಲ: ಹೊಗೆಯ ಜಿಡ್ಡು ಕೂರುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಣಗಿಸುವ ಹೊತ್ತಾಯಿತು. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಮತ್ತೆ ನೀಲಿಯಾಗುವ ತನಕ ಬಿಸಿ ಮಾಡಿ ಆರಿಸಿ ಹಾಕಿ.