ಬಲ್ಬು ಬದಲಿಸಿದ್ದು ಬಿಲ್ಲಿಗಾಗಿ, ಕೈ ಹಿಡಿದದ್ದು ಮಳೆಗಾಲದಲ್ಲಿ

ಸಾಗರ ಸೀಮೆಯ ಹಳೇ ಮನೆ ನಮ್ಮದು. ಜಗಲಿ, ನಡುಮನೆ, ಅಡುಗೆಮನೆ, ದೇವರ ಕೋಣೆ, ಕೊಟ್ಟಿಗೆ, ಬಚ್ಚಲು, ಮೇಲೆ ಅಟ್ಟ. ಹೊರಗೆ ಅಡಿಕೆ ಒಣಗಿಸುವ ಅಂಗಳ. ಹಗಲಲ್ಲೂ ಒಳಗೆ ಮಬ್ಬು. ಹಾಗಾಗಿ ದೀಪದ ಪಾಯಿಂಟುಗಳು ಪೇಟೆ ಮನೆಗಿಂತ ಜಾಸ್ತಿ. ಮೊದಲ ಎಲ್‌ಇಡಿ ಮನೆಗೆ ಬಂದದ್ದು ‘ಹೊಸ ಬೆಳಕು’ ಯೋಜನೆಯಲ್ಲಿ. 2015ರ ಕೊನೆಗೆ ಶುರುವಾದ ಆ ಯೋಜನೆಯಲ್ಲಿ 9 ವಾಟಿನ ಬಲ್ಬು ನೂರು ರೂಪಾಯಿಗೆ ಸಿಗುತ್ತಿತ್ತು. ಅಂಗಡಿಯಲ್ಲಿ ಆಗ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ತಂದ ನಾಲ್ಕಾರು ಬಲ್ಬುಗಳನ್ನು ಎಲ್ಲಿ ಹಾಕುವುದು ಎಂದು ಯೋಚಿಸುವಾಗಲೇ ನನ್ನ ಲೆಕ್ಕಾಚಾರ ಶುರುವಾಯಿತು.

ಸಾಮಾನ್ಯವಾಗಿ ಎಲ್ಲರೂ ಜಾಸ್ತಿ ವಾಟಿನ ಬಲ್ಬನ್ನು ಮೊದಲು ಕಿತ್ತು ಹಾಕುತ್ತಾರೆ. ನಾನು ಯಾವ ದೀಪ ಎಷ್ಟು ಹೊತ್ತು ಉರಿಯುತ್ತದೆ ಅಂತ ನೋಡಿದೆ. ಅಟ್ಟದಲ್ಲಿ 60 ವಾಟಿನ ಬಲ್ಬಿತ್ತು. ಬುಟ್ಟಿಯೋ ಹಗ್ಗವೋ ತರಲು ಹತ್ತಿದಾಗ ಮಾತ್ರ ಅದಕ್ಕೆ ಕೆಲಸ. ಕೊಟ್ಟಿಗೆ ಬಾಗಿಲಲ್ಲೂ ಅಂಥದ್ದೇ 60 ವಾಟಿನದು. ಚಿರತೆ ಓಡಾಡುವ ಊರಾದ್ದರಿಂದ ಅದು ಸಂಜೆ ಹಚ್ಚಿದರೆ ಬೆಳಗಿನವರೆಗೆ ಆರುವುದಿಲ್ಲ. ರಾತ್ರಿಗೆ ಹನ್ನೊಂದು ಗಂಟೆ ಎಂದರೂ ತಿಂಗಳಿಗೆ ಸುಮಾರು 20 ಯೂನಿಟ್. ಅದರ ಜಾಗಕ್ಕೆ 9 ವಾಟಿನದು ಬಂತು, 20 ಯೂನಿಟ್ ಇದ್ದದ್ದು 3ಕ್ಕೆ ಇಳಿಯಿತು. ಅಟ್ಟದ ಬಲ್ಬನ್ನು ಅದಾಗಿ ಸುಟ್ಟುಹೋಗುವವರೆಗೆ ಮುಟ್ಟಲಿಲ್ಲ.

ಎರಡನೇ ಸರದಿ ಝೀರೋ ಬಲ್ಬಿನದು. ಹೆಸರು ಝೀರೋ, ತಿನ್ನುವುದು 12ರಿಂದ 15 ವಾಟ್. ಹಳೇ ಕಾಲದ ಚಕ್ರದ ಮೀಟರು ಅಷ್ಟು ಸಣ್ಣ ಕರೆಂಟಿಗೆ ಸರಿಯಾಗಿ ತಿರುಗುತ್ತಿರಲಿಲ್ಲ, ಅದಕ್ಕೇ ಆ ಹೆಸರು ಅಂತಾರೆ. ಈಗಿನ ಎಲೆಕ್ಟ್ರಾನಿಕ್ ಮೀಟರು ಎಲ್ಲವನ್ನೂ ಹಿಡಿಯುತ್ತದೆ. ರಾತ್ರಿಯಿಡೀ ಉರಿಯುವ ಒಂದು ಝೀರೋ ಬಲ್ಬು ತಿಂಗಳಿಗೆ ನಾಲ್ಕು ಯೂನಿಟ್ ದಾಟಿಸುತ್ತದೆ. ಅರ್ಧ ವಾಟಿನ ಎಲ್‌ಇಡಿ ನೈಟ್ ಲ್ಯಾಂಪ್ ಹಾಕಿದರೆ ತಿಂಗಳಿಡೀ ಕಾಲು ಯೂನಿಟ್ಟೂ ಆಗುವುದಿಲ್ಲ. ಮನೆಯಲ್ಲಿ ಇನ್ನೂ ಝೀರೋ ಬಲ್ಬಿದ್ದರೆ ಇವತ್ತೇ ತೆಗೆಯಿರಿ.

ಟ್ಯೂಬ್‌ಲೈಟಿನ ವಿಷಯದಲ್ಲಿ ನನಗೆ ಅನುಮಾನವಿತ್ತು. ಪಟ್ಟಿ ಮೇಲೆ 40 ವಾಟ್ ಅಂತಿರುತ್ತದೆ, ಎಲ್‌ಇಡಿಯದು 20. ಅರ್ಧ ಉಳಿಸಲು ಇಷ್ಟು ಖರ್ಚು ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ ಅಲ್ವಾ? ಅನುಮಾನ ಬಗೆಹರಿಸಿದ್ದು ಮೀಟರು. ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಅಂತ ಅಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಅಂದರೆ ನಿಮಿಷಕ್ಕೊಂದು ಸಲ ಮಿಣುಕಿದರೆ ಹೆಚ್ಚುಕಮ್ಮಿ 19 ವಾಟ್ ಹೋಗುತ್ತಿದೆ ಎಂದರ್ಥ. ಫ್ರಿಜ್, ಫ್ಯಾನು, ಟಿವಿ ಎಲ್ಲ ಆರಿಸಿ, ನಾಲ್ಕು ಟ್ಯೂಬ್‌ಲೈಟು ಮಾತ್ರ ಹಚ್ಚಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತೆ. ನಿಮಿಷಕ್ಕೆ ಹನ್ನೊಂದು, ಹನ್ನೆರಡು ಸಲ ಮಿಣುಕಿತು. ಲೆಕ್ಕ ಹಾಕಿದರೆ ಒಂದೊಂದು ಟ್ಯೂಬಿಗೆ 54 ವಾಟ್! ಜಾಸ್ತಿಯಾದ ಆ ಹದಿನಾಲ್ಕು ವಾಟ್ ತಿನ್ನುವುದು ಒಳಗಿನ ತಾಮ್ರದ ಚೋಕು. ಮುಟ್ಟಿದರೆ ಬಿಸಿ ತಾಗುತ್ತದಲ್ಲ, ಆ ಬಿಸಿಗೂ ನಾವು ದುಡ್ಡು ಕೊಡುತ್ತಿರುತ್ತೇವೆ. ಎಲ್‌ಇಡಿ ಹಾಕಿದ ಮೇಲೆ ಮತ್ತೆ ಎಣಿಸಿದೆ. ನಿಮಿಷಕ್ಕೆ ನಾಲ್ಕು.

ಹಳೇ ಪಟ್ಟಿಯಲ್ಲೇ ಕೂರುವ ಎಲ್‌ಇಡಿ ಟ್ಯೂಬೂ ಸಿಗುತ್ತದೆ. ಅದನ್ನು ಹಾಕಬೇಕಾದರೆ ಚೋಕು, ಸ್ಟಾರ್ಟರ್ ತೆಗೆದು ವೈರು ಬದಲಿಸಬೇಕು. ಕೆಲವಕ್ಕೆ ಒಂದೇ ತುದಿಗೆ ಕರೆಂಟು, ಕೆಲವಕ್ಕೆ ಎರಡೂ ತುದಿಗೆ. ನಾಳೆ ಬೇರೆ ಯಾರೋ ಗೊತ್ತಿಲ್ಲದೆ ಬೇರೆ ಥರದ್ದನ್ನು ಸಿಕ್ಕಿಸಿದರೆ ಅಪಾಯ. ಅದಕ್ಕೆ ಪಟ್ಟಿ ಸಮೇತ ಕಿತ್ತು, ಪಟ್ಟಿ ದೀಪ ಎರಡೂ ಒಂದೇ ಆಗಿರುವ ಎಲ್‌ಇಡಿ ಬ್ಯಾಟನ್ನನ್ನೇ ಹಾಕಿಸಿದೆ. ಸಂಜೆ ಹೊತ್ತು ತೋಟದ ಪಂಪುಗಳು ಶುರುವಾದರೆ ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ. ಮೊದಲೆಲ್ಲ ಸ್ಟಾರ್ಟರು ಟಿಕ್ ಟಿಕ್ ಎನ್ನುತ್ತ ಟ್ಯೂಬು ಹತ್ತಲು ಒದ್ದಾಡುತ್ತಿತ್ತು. ಈಗ ಆ ಒದ್ದಾಟವಿಲ್ಲ. ಡಬ್ಬಿಯ ಮೇಲೆ 100ರಿಂದ 300 ವೋಲ್ಟ್ ಅಂತ ಇರುವುದನ್ನೇ ನೋಡಿ ತಂದಿದ್ದೆ.

ಬದಲಿಸುವಾಗ ಒಂದು ವಿಚಿತ್ರ ಕಂಡಿತು. ಬಚ್ಚಲಿನ ಬಲ್ಬು ಸ್ವಿಚ್ ಆರಿಸಿದ ಮೇಲೂ ಮಂಕಾಗಿ ಮಿನುಗುತ್ತಿತ್ತು. ಕತ್ತಲಲ್ಲಿ ದಿಟ್ಟಿಸಿದರೆ ಮಾತ್ರ ಕಾಣುವಷ್ಟು. ಬಲ್ಬೇ ಹಾಳು ಎಂದುಕೊಂಡು ಬೇರೆ ಹಾಕಿದರೂ ಅದೇ ಕತೆ. ವೈರ್‌ಮನ್ ಬಂದು ಟೆಸ್ಟರ್ ಇಟ್ಟು ನೋಡಿದಾಗ ಗೊತ್ತಾಯಿತು. ಮರದ ಪಟ್ಟಿಯ ಕಾಲದ ಆ ವೈರಿಂಗಿನಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರಿಗೆ ಕೊಡುವ ಬದಲು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿದ್ದರು. ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತಿತ್ತು. ಒಟ್ಟೊಟ್ಟಿಗೆ ಹೋಗುವ ವೈರುಗಳ ನಡುವೆ ಸೋರುವ ಅತಿ ಸಣ್ಣ ಕರೆಂಟೇ ಎಲ್‌ಇಡಿಯನ್ನು ಮಿನುಗಿಸಲು ಸಾಕು. ಹಳೇ ಬಲ್ಬಿಗೆ ಅಷ್ಟು ಕರೆಂಟು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಒದ್ದೆ ಕೈಯಲ್ಲಿ ಬಲ್ಬು ಬದಲಿಸುವ ಬಚ್ಚಲಲ್ಲೇ ಹೀಗಿತ್ತು ಎಂದು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ. ಆ ಲೈನನ್ನು ಅವತ್ತೇ ಸರಿ ಮಾಡಿಸಿದೆವು. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ದರೂ ಬಲ್ಬು ಹೀಗೆ ಮಿನುಗುತ್ತದೆ, ಅದರಲ್ಲಿ ಭಯವೇನಿಲ್ಲ. ಇಂಡಿಕೇಟರ್ ಇಲ್ಲದೆಯೂ ಮಿನುಗಿದರೆ ಮಾತ್ರ ಮೇನ್ ಆಫ್ ಮಾಡದೆ ಬಲ್ಬಿಗೆ ಕೈ ಹಾಕಬೇಡಿ, ತಿಳಿದವರನ್ನು ಕರೆಸಿ.

ಇನ್ನು ಅಂಗಳ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರು ರಾತ್ರಿಯವರೆಗೂ ಕೂರುತ್ತಾರೆ. ಅವರ ತಲೆ ಮೇಲೆ 500 ವಾಟಿನ ಹ್ಯಾಲೊಜೆನ್ ಉರಿಯುತ್ತಿತ್ತು. ದಿನಕ್ಕೆ ನಾಲ್ಕು ಗಂಟೆ ಎಂದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಅದರ ಬದಲು 50 ವಾಟಿನ ಎರಡು ಎಲ್‌ಇಡಿ ಫ್ಲಡ್‌ಲೈಟನ್ನು ಎದುರುಬದುರು ಕಟ್ಟಿದೆ. ಒಂದೇ ದೀಪವಿದ್ದಾಗ ಮೆಟ್ಟುಗತ್ತಿಯ ಮೇಲೆ ಸುಲಿಯುವವರದೇ ನೆರಳು ಬೀಳುತ್ತಿತ್ತು. ಎರಡು ಕಡೆಯಿಂದ ಬೆಳಕು ಬಂದ ಮೇಲೆ ಕತ್ತಿ ಮೇಲಿನ ನೆರಳು ಹೋಯಿತು. ಬೆರಳು ಕುಯ್ದುಕೊಳ್ಳುವ ಭಯ ಕಮ್ಮಿಯಾಯಿತು ಎಂದು ಅವರೇ ಹೇಳಿದರು. ನನಗೆ ಉಳಿತಾಯಕ್ಕಿಂತ ಆ ಮಾತು ದೊಡ್ಡದು. ಹ್ಯಾಲೊಜೆನ್ನಿನ ಕಾವು ಹೋಯಿತಲ್ಲ, ಚಳಿಗೆ ಒಳ್ಳೆಯದಿತ್ತು ಅಂದವರೂ ಇದ್ದಾರೆ. ಅವರಿಗೆ ಪಕ್ಕದಲ್ಲಿ ಬೆಂಕಿ ಹಾಕಿ ಕೊಟ್ಟೆವು.

ಸುಲಿಯಲು ನಡೆದ ಬೆಳಕು ಅಡಿಕೆ ವಿಂಗಡಿಸಲು ನಡೆಯಲಿಲ್ಲ. ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುವಾಗ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಬೇಕು. ಅಗ್ಗದ ಬಿಳಿ ಎಲ್‌ಇಡಿ ಕೆಳಗೆ ಎಲ್ಲವೂ ಒಂದೇ ಥರ ಮಂಕು ಕಂದು. ಕಾರಣ ಇದೆ. ಬಿಳಿ ಎಲ್‌ಇಡಿ ಹುಟ್ಟಿನಿಂದ ಬಿಳಿಯಲ್ಲ. ಒಳಗಿನ ಚಿಪ್ ಕೊಡುವುದು ನೀಲಿ ಬೆಳಕು. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯ ಒಂದು ಪಾಲನ್ನು ಹಳದಿ ಮಾಡುತ್ತದೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಜಪಾನ್ ಮೂಲದ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಅಗ್ಗದ ಬಲ್ಬಿನಲ್ಲಿ ಈ ಮಿಶ್ರಣದಲ್ಲಿ ಕೆಂಪಿನ ಪಾಲು ಕಮ್ಮಿ, ಹಾಗಾಗಿ ಕೆಂಪು ವಸ್ತು ಸೊರಗಿ ಕಾಣುತ್ತದೆ. ಆ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂದು ಹೇಳುವ ಸಿಆರ್‌ಐ ಎಂಬ ಅಂಕೆ ಡಬ್ಬಿಯ ಮೇಲೆ ಇರುತ್ತದೆ. ಮಾಮೂಲಿಗೆ 80 ಸಾಕು. ಅಡಿಕೆ ವಿಂಗಡಿಸುವ ಜಾಗಕ್ಕೆ 90ರದ್ದನ್ನು ಹುಡುಕಿ ತಂದೆ. ಬೆಲೆ ಜಾಸ್ತಿ, ಆದರೆ ಮನೆಗೆ ಒಂದೆರಡು ಸಾಕು. ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುವ ಕಟ್ಟೆಗೂ, ಬಟ್ಟೆ ಹೊಲಿಯುವ ಜಾಗಕ್ಕೂ ಇದೇ ಬೆಳಕು ಒಳ್ಳೆಯದು.

ಬಣ್ಣದಲ್ಲಿ ಇನ್ನೊಂದು ಆಯ್ಕೆ ಕೆಲ್ವಿನ್. 6500 ಅಂದರೆ ನೀಲಿಗೆ ಹತ್ತಿರದ ಬಿಳಿ, 3000 ಅಂದರೆ ಹಳೇ ಬಲ್ಬಿನ ಹಳದಿ. ಓದುವ ಮೇಜಿಗೆ ಬಿಟ್ಟರೆ ಬೇರೆಲ್ಲೂ ನಾನು 6500 ಹಾಕಿಲ್ಲ. ದೇವರ ಕೋಣೆಗೂ ಜಗಲಿಗೂ 3000. ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಏಳುತ್ತವಲ್ಲ, ಟ್ಯೂಬ್‌ಲೈಟಿದ್ದಾಗ ದೀಪ ಆರಿಸಿ ಕತ್ತಲಲ್ಲಿ ಊಟ ಮಾಡಬೇಕಿತ್ತು. ಹಳದಿ ಎಲ್‌ಇಡಿಗೂ ಹುಳ ಬರುತ್ತವೆ, ಆದರೆ ಆ ಪಾಟಿ ಬರುವುದಿಲ್ಲ. ಹುಳಗಳನ್ನು ಎಳೆಯುವುದು ಮುಖ್ಯವಾಗಿ ಅತಿನೇರಳೆ ಮತ್ತು ನೀಲಿ ಬೆಳಕು. ಹಳದಿಯಲ್ಲಿ ಎರಡೂ ಕಮ್ಮಿ.

ಬಾಳಿಕೆಯ ಮಾತು. ಡಬ್ಬಿ ಮೇಲೆ 25,000 ಗಂಟೆ ಅಂತ ಇರುತ್ತದೆ. ಜಗಲಿಯ ಗಾಜಿನ ಬುರುಡೆಯೊಳಗೆ ಹಾಕಿದ ಬಲ್ಬು ವರ್ಷವೂ ಬಾಳಲಿಲ್ಲ. ಬಿಚ್ಚಿ ನೋಡಿದೆ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಸುತ್ತಲೂ ಪುಟ್ಟ ಹಳದಿ ಚೌಕಗಳು. ಒಂದರ ನಡುವೆ ಕಪ್ಪು ಚುಕ್ಕೆ. ಎಲ್ಲ ಚೌಕಗಳೂ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಕಡಿದರೆ ಎಲ್ಲವೂ ಕತ್ತಲು. ಎಲ್‌ಇಡಿಯ ಶತ್ರು ಬಿಸಿ. ಬೆಳಕಿನ ಜೊತೆ ಬಿಸಿ ಹೊರಗೆ ಬರುವುದಿಲ್ಲ, ಹಿಂದಿನ ಬುಡದಿಂದ ಹೋಗಬೇಕು. ಗಾಳಿಯಾಡದ ಬುರುಡೆಯಲ್ಲಿ ಅದಕ್ಕೆ ದಾರಿಯಿಲ್ಲ. ಎಷ್ಟೋ ಸಲ ಎಲ್‌ಇಡಿಗಿಂತ ಮೊದಲು ಅದರ ಡ್ರೈವರಿನ, ಅಂದರೆ ಎಲ್‌ಇಡಿಗೆ ಕರೆಂಟು ಹೊಂದಿಸಿ ಕೊಡುವ ಒಳಗಿನ ಸರ್ಕಿಟ್ಟಿನ, ಕೆಪ್ಯಾಸಿಟರ್ ಒಣಗಿ ಹೋಗುತ್ತದೆ, ಅದಕ್ಕೂ ಬಿಸಿಯೇ ಕಾರಣ. ಈಗ ಬುರುಡೆ ತೆಗೆದು ತೆರೆದ ಶೇಡ್ ಹಾಕಿದ್ದೇವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೂ ಡ್ರೈವರುಗಳು ಹೋಗುತ್ತವೆ. ವೋಲ್ಟೇಜ್ ಒಮ್ಮೆಲೇ ಜಿಗಿಯುವುದಕ್ಕೆ ಸರ್ಜ್ ಎನ್ನುತ್ತಾರೆ, 4 ಕೆವಿ (ಕಿಲೋವೋಲ್ಟ್) ಸರ್ಜ್ ತಡೆಯುವಂಥದ್ದನ್ನು ಕೊಳ್ಳುತ್ತೇನೆ. ಸಿಡಿಲು ಹತ್ತಿರ ಬಂತೆಂದರೆ ಮೇನ್ ಆಫ್ ಮಾಡುತ್ತೇನೆ.

ಇಷ್ಟೆಲ್ಲ ಮಾಡಿದ್ದು ಬಿಲ್ಲಿಗಾಗಿ. ಬಿಲ್ಲು ಇಳಿದದ್ದೂ ನಿಜ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆ, ಇನ್ನು ಎಲ್‌ಇಡಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಪುಕ್ಕಟೆ ಇರುವುದು 200 ಯೂನಿಟ್ಟಿನೊಳಗೆ, ಅದೂ ನಮ್ಮ ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ. ಸರಾಸರಿ ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಕೊಯ್ಲಿನ ತಿಂಗಳಲ್ಲಿ ಹ್ಯಾಲೊಜೆನ್ನಿನ ಅರವತ್ತು ಯೂನಿಟ್ ಸೇರಿದರೆ ಏನಾಗುತ್ತಿತ್ತೆಂದು ನೀವೇ ಲೆಕ್ಕ ಹಾಕಿ.

ನಿಜವಾದ ಉಪಕಾರ ಕಂಡದ್ದು ಜುಲೈ ಮಳೆಯಲ್ಲಿ. ಗಾಳಿಗೆ ಮರ ಬಿದ್ದು ಲೈನು ಹೋದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟಿಲ್ಲದಿರುವುದು ಹೊಸದಲ್ಲ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ನೋಡಿದವರಿಗೆ ಬೈಯಲು ಬಾಯಿ ಬರುವುದಿಲ್ಲ. ಮನೆಯಲ್ಲಿರುವುದು 12 ವೋಲ್ಟ್, 150 ಎಎಚ್ ಬ್ಯಾಟರಿಯ ಇನ್ವರ್ಟರ್. ಕಾಗದದ ಮೇಲೆ 1800 ವಾಟ್-ಅವರ್. ಬ್ಯಾಟರಿ ಪೂರ್ತಿ ಖಾಲಿಯಾಗದಂತೆ ನೋಡಿಕೊಂಡರೆ ಕೈಗೆ ಸಿಗುವುದು ಸಾವಿರದಷ್ಟು. ಹಳೇ ನಾಲ್ಕು ಟ್ಯೂಬಿಗೆ ಅದು ಐದು ಗಂಟೆಯೂ ಬರುತ್ತಿರಲಿಲ್ಲ. ಅದೇ ಬ್ಯಾಟರಿ ಎಲ್‌ಇಡಿಗೆ ಹನ್ನೆರಡು ಗಂಟೆ ಬರುತ್ತದೆ. ಎಲ್ಲ ದೀಪವೂ ಒಟ್ಟಿಗೆ ಬೇಕಾಗುವುದಿಲ್ಲವಲ್ಲ, ಅಡುಗೆಮನೆಯದೊಂದು, ಮಕ್ಕಳು ಓದುವಲ್ಲಿ ಒಂದು ಹಚ್ಚಿದರೆ ಎರಡು ಮೂರು ಸಂಜೆ ಸಲೀಸಾಗಿ ಕಳೆಯುತ್ತವೆ. ಸೀಮೆಎಣ್ಣೆ ಲಾಟೀನಿನ ಹೊಗೆ ಕುಡಿದ ಅಮ್ಮನ ಕಾಲಕ್ಕೆ ಇದು ಸಿಕ್ಕಿದ್ದರೆ ಅನಿಸುತ್ತದೆ. ಇನ್ವರ್ಟರ್ ಇರುವವರು ಕೊಳ್ಳುವಾಗ ಪವರ್ ಫ್ಯಾಕ್ಟರ್ 0.9 ಇದೆಯಾ ನೋಡಿ. 0.5 ಇದ್ದರೆ ಅಷ್ಟೇ ವಾಟಿಗೆ ಜಾಸ್ತಿ ಕರೆಂಟು ಎಳೆಯುತ್ತದೆ. ಮನೆಯ ಬಿಲ್ಲಿಗೆ ತೊಂದರೆಯಿಲ್ಲ, ಆದರೆ ಇನ್ವರ್ಟರಿನ ಮೇಲೆ ಸುಮ್ನೆ ಭಾರ.

ಅಂಗಡಿಯಲ್ಲಿ ನಾನು ನೋಡುವುದು ಇಷ್ಟು. ವಾಟಿನ ಜೊತೆ ಲ್ಯೂಮೆನ್, ಅಂದರೆ ಬೆಳಕು ಎಷ್ಟು ಅಂತ, ಬರೆದಿದೆಯಾ. 9 ವಾಟಿಗೆ 900ರ ಆಸುಪಾಸು ಇರಬೇಕು. ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇದೆಯಾ. ಹಚ್ಚಿಸಿ ಮೊಬೈಲ್ ಕ್ಯಾಮೆರಾ ಹಿಡಿದಾಗ ಪರದೆ ಮೇಲೆ ಕಪ್ಪು ಪಟ್ಟೆ ದಟ್ಟವಾಗಿ ಓಡಿದರೆ ಬೆಳಕು ಅದುರುತ್ತಿದೆ ಎಂದರ್ಥ. ಅಂಥದ್ದನ್ನು ಮಕ್ಕಳ ಓದಿಗೆ ತರಬೇಡಿ. ಮನೆಗೆ ತಂದ ಮೇಲೆ ಬುಡದ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದು, ರಸೀದಿಯನ್ನು ಮೀಟರ್ ಬೋರ್ಡಿನ ಪಕ್ಕದ ಮೊಳೆಗೆ ಸಿಕ್ಕಿಸುತ್ತೇನೆ. ಎರಡು ವರ್ಷದ ಗ್ಯಾರಂಟಿಯೊಳಗೆ ಹೋದವಕ್ಕೆಲ್ಲ ಅಂಗಡಿಯವರು ಮಾತಿಲ್ಲದೆ ಹೊಸದು ಕೊಟ್ಟಿದ್ದಾರೆ.