ಜಾವಾ ವೆಬ್ ಆ್ಯಪ್: ಬೇಡದ ಫೈಲನ್ನು ಬಾಗಿಲಲ್ಲೇ ತಡೆಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪೋರ್ಟಲ್ ಒಂದಕ್ಕೆ ನಾನು ಕೋಡ್ ಬರೆದಿದ್ದೆ. ಫೋಟೊ ಜೆಪಿಜಿಯಲ್ಲಿರಬೇಕು, ಅಂಕಪಟ್ಟಿ ಪಿಡಿಎಫ್‌ನಲ್ಲಿರಬೇಕು ಎಂಬುದು ಷರತ್ತು. ಹೆಸರಿನ ಕೊನೆಯಲ್ಲಿ '.ಜೆಪಿಜಿ' ಇದೆಯೇ ಎಂದು ನೋಡುವ ಒಂದು ಸಾಲು ಬರೆದು, ಕೆಲಸ ಮುಗಿಯಿತು ಅಂದುಕೊಂಡೆ. ಅರ್ಜಿಗಳ ಪ್ರಿಂಟ್ ತೆಗೆಯುವ ದಿನ ಕಾಲೇಜಿನ ಕಚೇರಿಯಿಂದ ಫೋನ್ ಬಂತು. 'ಸಾರ್, ಈ ಹುಡುಗಿ ಫೋಟೊ ಹಾಕಿದ್ದಾಳೆ. ನಮ್ಮಲ್ಲಿ ಖಾಲಿ ಚೌಕ ಬರ್ತಿದೆ.' ತೆಗೆದು ನೋಡಿದರೆ ಅದು ಐಫೋನಿನ ಎಚ್‌ಇಐಸಿ ಫೋಟೊ. ಪೋರ್ಟಲ್ ಒಪ್ಪುತ್ತಿಲ್ಲವೆಂದು ಸೈಬರ್ ಸೆಂಟರಿನಲ್ಲಿ ಯಾರೋ ಹೆಸರನ್ನಷ್ಟೇ '.ಜೆಪಿಜಿ' ಎಂದು ತಿದ್ದಿ ಹಾಕಿಕೊಟ್ಟಿದ್ದರು. ಹುಡುಗಿಯದು ಏನೂ ತಪ್ಪಿಲ್ಲ. ಹೆಸರು ನೋಡಿ ಒಳಗೆ ಬಿಟ್ಟದ್ದು ನನ್ನ ಕೋಡ್.

ಆ ಸಲ ಬಂದದ್ದು ತೆರೆಯದ ಒಂದು ಫೋಟೊ. ಹೆಸರನ್ನೂ ನೋಡದ ಆ್ಯಪ್‌ಗೆ ಯಾರಾದರೂ '.ಜೆಎಸ್‌ಪಿ' (ಸರ್ವರಿನಲ್ಲಿ ಓಡುವ ಜಾವಾ ಪುಟ) ಫೈಲ್ ಕಳಿಸಿ, ಅದು ಆ್ಯಪ್‌ನ ಫೋಲ್ಡರಿನಲ್ಲೇ ಹೋಗಿ ಕೂತರೆ, ಮುಂದಿನ ಕ್ಲಿಕ್ಕಿಗೆ, ಜಾವಾ ಆ್ಯಪ್ ನಡೆಸುವ ಸರ್ವರ್ ತಂತ್ರಾಂಶವಾದ ಟಾಮ್‌ಕ್ಯಾಟ್ ಅದನ್ನು ಪ್ರೋಗ್ರಾಮ್ ಆಗಿ ಓಡಿಸುತ್ತದೆ. ಅಲ್ಲಿಗೆ ಸರ್ವರ್ ಪರರ ಕೈಗೆ ಹೋದಂತೆ. 2017ರಲ್ಲಿ ಟಾಮ್‌ಕ್ಯಾಟ್‌ನಲ್ಲೇ ಇಂಥದ್ದೊಂದು ದೋಷ ಸಿಕ್ಕಿತ್ತು. ಬರೆಯಲು ಅನುಮತಿ ಕೊಟ್ಟಿದ್ದ ಸರ್ವರಿಗೆ 'ಪುಟ್' (ಫೈಲ್ ಇರಿಸುವ) ವಿನಂತಿಯಲ್ಲಿ ಜೆಎಸ್‌ಪಿ ಕಳಿಸುವಾಗ ಹೆಸರಿನ ಕೊನೆಗೆ ಒಂದು ಓರೆಗೆರೆ ಸೇರಿಸಿದರೆ ಸಾಕು, ತಡೆ ದಾಟಿ ಒಳಗೆ ಹೋಗುತ್ತಿತ್ತು.

ಬೇಕಾದ್ದನ್ನು ಬರೆದುಕೊಳ್ಳಿ

ಕೋಡ್ ಮುಟ್ಟುವ ಮೊದಲು, ಈ ಫಾರಂಗೆ ಯಾವ ಯಾವ ಬಗೆಯ ಫೈಲ್ ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಎರಡೇ: ಜೆಪೆಗ್ (ಜೆಪಿಜಿ) ಮತ್ತು ಪಿಡಿಎಫ್. ಬೇಡದವುಗಳ ಪಟ್ಟಿ ಮಾಡಲು ಹೋಗಬೇಡಿ, ಅದು ಎಂದೂ ಮುಗಿಯುವುದಿಲ್ಲ. ಜೆಎಸ್‌ಪಿ ಬೇಡವೆಂದರೆ ಜೆಎಸ್‌ಪಿಎಕ್ಸ್ ಬರುತ್ತದೆ. 'ಚಿತ್ರ ಯಾವುದಾದರೂ ಬರಲಿ' ಎಂಬ ಉದಾರತೆಯೂ ಬೇಡ. ಎಸ್‌ವಿಜಿ ಕೂಡ ಚಿತ್ರವೇ, ಆದರೆ ಅದರೊಳಗೆ ಜಾವಾಸ್ಕ್ರಿಪ್ಟ್ ಇಟ್ಟು ಕಳಿಸಬಹುದು.

ಎಚ್‌ಟಿಎಂಎಲ್‌ನ 'ಆ್ಯಕ್ಸೆಪ್ಟ್' ಗುಣದಲ್ಲಿ ಈ ಎರಡು ಬಗೆಗಳನ್ನು ಹಾಕಿ. ಫೈಲ್ ಆರಿಸುವ ಕಿಟಕಿಯಲ್ಲಿ ಬೇರೆಯವು ಕಾಣದಂತಾಗಿ ಅರ್ಜಿದಾರರಿಗೆ ಅನುಕೂಲ. ತಡೆ ಎಂದು ಅದನ್ನು ನಂಬುವಂತಿಲ್ಲ, ಬ್ರೌಸರಿಲ್ಲದೆ ವಿನಂತಿ ಕಳಿಸುವ ಸಾಧನವಾದ ಕರ್ಲ್‌ನಿಂದ ಕಳಿಸುವವರಿಗೆ ಆ ಕಿಟಕಿಯೇ ಇರುವುದಿಲ್ಲ.

ಗಾತ್ರಕ್ಕೆ ಮಿತಿ

ವೆಬ್ ವಿನಂತಿಗೆ ಉತ್ತರಿಸುವ ಜಾವಾ ಕೋಡಿನ ಮಾನದಂಡವಾದ, 2009ರ ಸರ್ವ್‌ಲೆಟ್ 3.0ರಿಂದ '@ಮಲ್ಟಿಪಾರ್ಟ್‌ಕಾನ್ಫಿಗ್' ಎಂಬ ಟಿಪ್ಪಣಿ ಸಿಗುತ್ತದೆ. ಅದನ್ನು ಬರೆದು ಸುಮ್ಮನಾದರೆ ಮ್ಯಾಕ್ಸ್‌ಫೈಲ್‌ಸೈಜ್‌ನ ಬೆಲೆ -1, ಅಂದರೆ ಮಿತಿಯೇ ಇಲ್ಲ. ಫೋಟೊ, ಅಂಕಪಟ್ಟಿಗೆ 2 ಎಂಬಿ ಧಾರಾಳ. ಮಿತಿ ಮೀರಿದರೆ 'ಗೆಟ್‌ಪಾರ್ಟ್' ಕರೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಶನ್ ಎಸೆಯುತ್ತದೆ. ಅದನ್ನು ಹಿಡಿದು ಅರ್ಜಿದಾರರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಜಾವಾ ಚೌಕಟ್ಟಾದ ಸ್ಪ್ರಿಂಗ್ ಬೂಟ್ ಬಳಸುವವರಿಗೆ ಒಂದು ಫೈಲಿಗೆ 1 ಎಂಬಿ, ಇಡೀ ವಿನಂತಿಗೆ 10 ಎಂಬಿ ಎಂಬ ಮಿತಿ ಮೊದಲೇ ಇರುತ್ತದೆ. ಅಪ್‌ಲೋಡ್ ಸ್ವೀಕರಿಸುವ ಹಳೆಯ ಲೈಬ್ರರಿ ಕಾಮನ್ಸ್ ಫೈಲ್‌ಅಪ್‌ಲೋಡ್ ಇನ್ನೂ ಬಳಸುತ್ತಿದ್ದರೆ 1.5 ಅಥವಾ ಅದಕ್ಕಿಂತ ಹೊಸ ಆವೃತ್ತಿಗೆ ಏರಿಸಿ. ಒಂದೇ ವಿನಂತಿಯಲ್ಲಿ ಲೆಕ್ಕವಿಲ್ಲದಷ್ಟು ಭಾಗಗಳನ್ನು ಕಳಿಸಿ ಸರ್ವರನ್ನು ಸುಸ್ತು ಮಾಡುವುದನ್ನು ತಡೆಯುವ ಮಿತಿ 2023ರಲ್ಲಿ ಅದಕ್ಕೆ ಬಂತು. ಅದು ತಾನಾಗಿ ಜಾರಿಯಾಗುವುದಿಲ್ಲ, ಸಂಖ್ಯೆಯನ್ನು ನೀವೇ ಕೊಡಬೇಕು.

ಹೆಸರು ಮತ್ತು ಹೆಡರ್

ಹೆಸರಿನ ಪರೀಕ್ಷೆ ಸಾಲದು ಎಂದೆ, ಬೇಡ ಎನ್ನಲಿಲ್ಲ. ಗೆಟ್‌ಸಬ್ಮಿಟೆಡ್‌ಫೈಲ್‌ನೇಮ್‌ನಿಂದ ಹೆಸರು ತೆಗೆದು, ಕೊನೆಯ ಚುಕ್ಕಿಯ ನಂತರದ ಭಾಗವನ್ನು ಸಣ್ಣಕ್ಷರಕ್ಕೆ ಇಳಿಸಿ ಪಟ್ಟಿಯೊಂದಿಗೆ ಹೋಲಿಸಿ. ಟುಲೋವರ್‌ಕೇಸ್‌ಗೆ 'ಲೊಕೇಲ್.ರೂಟ್' ಕೊಡುವುದನ್ನು ಮರೆಯಬೇಡಿ. ಟರ್ಕಿ ಭಾಷೆಗೆ ಹೊಂದಿಸಿದ ಯಂತ್ರದಲ್ಲಿ ದೊಡ್ಡ 'ಐ' ಅಕ್ಷರ ಚುಕ್ಕಿಯಿಲ್ಲದ ಸಣ್ಣ 'ಐ' ಆಗಿಬಿಡುತ್ತದೆ, ಜಿಫ್ ಎಂಬುದು ಜಿಫ್ ಆಗಿ ಉಳಿಯುವುದಿಲ್ಲ.

ಫೈಲಿನ ಜೊತೆ ಬಂದು ಅದರ ಬಗೆ ಹೇಳುವ ಕಂಟೆಂಟ್-ಟೈಪ್ ಹೆಡರನ್ನು ಬರೆಯುವುದು ಕಳಿಸುವವರ ಕಡೆಯ ಯಂತ್ರ. ಬ್ರೌಸರ್ ಸಾಮಾನ್ಯವಾಗಿ ಹೆಸರಿನ ಬಾಲ ನೋಡಿಯೇ ಅದನ್ನು ತುಂಬುತ್ತದೆ. ಹಾಗಾಗಿ ಹೆಡರ್ ನೋಡಿದರೆ ಹೆಸರನ್ನೇ ಎರಡನೇ ಸಲ ನೋಡಿದಂತೆ. ಹೊರಗಿನಿಂದ ಬಂದ ಈ ಪಠ್ಯವನ್ನು ಎಷ್ಟು ಹುಷಾರಾಗಿ ಮುಟ್ಟಬೇಕೆಂದರೆ, 2017ರಲ್ಲಿ ಅಪಾಚೆ ಸ್ಟ್ರಟ್ಸ್ 2 ಎಂಬ ವೆಬ್ ಚೌಕಟ್ಟಿನ ಅಪ್‌ಲೋಡ್ ಪಾರ್ಸರ್, ಅಪ್‌ಲೋಡ್ ವಿನಂತಿಯ ಕಂಟೆಂಟ್-ಟೈಪ್ ತಪ್ಪಾಗಿದ್ದರೆ ದೋಷ ಸಂದೇಶ ಕಟ್ಟುವಾಗ ಅದರೊಳಗಿನ ಓಜಿಎನ್‌ಎಲ್ ಆದೇಶವನ್ನೇ ಓಡಿಸಿಬಿಡುತ್ತಿತ್ತು. ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯ ಒಂದು ಸರ್ವರಿನಲ್ಲಿ ಅದನ್ನು ಹಾಕಿರಲಿಲ್ಲ. ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಲೈಬ್ರರಿಗಳನ್ನು ಹೊಸದಾಗಿಟ್ಟುಕೊಳ್ಳುವುದೂ ಅಪ್‌ಲೋಡ್ ಕಾಯುವ ಕೆಲಸದ ಭಾಗವೇ.

ಮೊದಲ ಬೈಟ್‌ಗಳು

ನಿಜವಾದ ಪರೀಕ್ಷೆ ಇಲ್ಲಿಂದ. ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ಬರೆದರೆ, ಜೆಪೆಗ್ ಫೈಲ್ ಶುರುವಾಗುವುದು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ. ಪಿಡಿಎಫ್ ಆದರೆ 25, 50, 44, 46: ಶೇಕಡಾ ಚಿಹ್ನೆ, ಆಮೇಲೆ ಪಿ, ಡಿ, ಎಫ್. ಆ ಹುಡುಗಿಯ ಫೋಟೊವನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದಾಗ ಮೊದಲ ನಾಲ್ಕು ಬೈಟ್ ಬಿಟ್ಟು, 'ಎಫ್‌ಟಿವೈಪಿ' ಮತ್ತು 'ಎಚ್‌ಇಐಸಿ' ಎಂಬ ಎಂಟು ಅಕ್ಷರಗಳು ಎದುರಿಗೇ ಕಂಡವು. ಹನ್ನೆರಡು ಬೈಟ್ ಓದಿದ್ದರೆ ಅರ್ಜಿ ಹಾಕಿದ ದಿನವೇ ಗೊತ್ತಾಗುತ್ತಿತ್ತು.

ಗೆಟ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಹನ್ನೆರಡು ಬೈಟ್ ತೆಗೆಯಲು ಬರೀ 'ರೀಡ್' ಸಾಲದು. ಕೇಳಿದ್ದಕ್ಕಿಂತ ಕಡಿಮೆ ಕೊಡುವ ಹಕ್ಕು ಅದಕ್ಕಿದೆ. ಜಾವಾ 11ರಿಂದ ಇರುವ ರೀಡ್‌ಎನ್‌ಬೈಟ್ಸ್ ಬಳಸಿ. ಇನ್ನು, ಜಾವಾ ಕಲಿಯುತ್ತಿರುವ ಬಹಳ ಮಂದಿ ಎಡವುವ ಜಾಗ ಒಂದಿದೆ. ಜಾವಾದ ಬೈಟ್‌ಗೆ ಋಣ ಚಿಹ್ನೆಯುಂಟು, -128ರಿಂದ 127ರವರೆಗೆ ಮಾತ್ರ. ಫೈಲಿನ ಎಫ್‌ಎಫ್ (ಅಂದರೆ 255) ನಿಮ್ಮ ಕೈಗೆ -1 ಆಗಿ ಬರುತ್ತದೆ. ಅದನ್ನು 255ರ ಜೊತೆ ನೇರ ಹೋಲಿಸಿದರೆ ಉತ್ತರ ಯಾವಾಗಲೂ 'ಇಲ್ಲ'. ಒಳ್ಳೆಯ ಫೋಟೊಗಳೆಲ್ಲ ತಿರಸ್ಕಾರವಾಗುತ್ತವೆ, ಕಾರಣ ಹುಡುಕುತ್ತ ಅರ್ಧ ದಿನ ಹೋಗುತ್ತದೆ. ಮೊದಲು 255ರೊಡನೆ ಬಿಟ್ ಮಟ್ಟದ 'ಆ್ಯಂಡ್' (&) ಮಾಡಿ, ಆಮೇಲೆ ಹೋಲಿಸಿ.

ಫೈಲ್ಸ್ ಕ್ಲಾಸಿನ 'ಪ್ರೋಬ್‌ಕಂಟೆಂಟ್‌ಟೈಪ್' ಇದೆಯಲ್ಲ ಎಂದು ಕೇಳಬಹುದು. ಅನೇಕ ಯಂತ್ರಗಳಲ್ಲಿ ಅದು ನೋಡುವುದು ಹೆಸರಿನ ಬಾಲವನ್ನೇ. ವರ್ಡ್, ಎಕ್ಸೆಲ್ ಫೈಲೂ ಬೇಕೆನ್ನುವವರು ಫೈಲಿನ ಬಗೆ ಗುರುತಿಸುವ ಲೈಬ್ರರಿಯಾದ ಅಪಾಚೆ ಟೀಕಾ ತಂದುಕೊಳ್ಳುವುದು ಮೇಲು. ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಜಾವಾ ಪ್ರೋಗ್ರಾಮಿನ ಕಟ್ಟಾದ ಜಾರ್ ಎಲ್ಲವೂ ಒಳಗೆ ಜಿಪ್ ಕಟ್ಟುಗಳೇ, ಮೊದಲ ನಾಲ್ಕು ಬೈಟ್‌ನಲ್ಲಿ ಅವುಗಳ ವ್ಯತ್ಯಾಸ ತಿಳಿಯದು. ಟೀಕಾಗೆ ಸ್ಟ್ರೀಮ್ ಮಾತ್ರ ಕೊಡಿ. ಹೆಸರನ್ನೂ ಕೊಟ್ಟರೆ ಅದರ ತೀರ್ಮಾನ ಹೆಸರಿನ ಕಡೆ ವಾಲಬಹುದು.

ಎರಡು ವೇಷದ ಫೈಲ್

ಮೊದಲ ಬೈಟ್ ಸರಿಯಿದ್ದ ಮಾತ್ರಕ್ಕೆ ಫೈಲ್ ಸರಿಯಿದೆ ಎನ್ನಲಾಗದು. 2008ರಲ್ಲಿ ಭದ್ರತಾ ಸಂಶೋಧಕರು 'ಗಿಫಾರ್' ಎಂಬುದನ್ನು ತೋರಿಸಿದರು. ಜಿಫ್ ಚಿತ್ರವನ್ನು ತಲೆಯಿಂದ ಓದುತ್ತಾರೆ, ಜಿಪ್ ಕಟ್ಟಿನ ಸೂಚಿ ಇರುವುದು ಬಾಲದಲ್ಲಿ. ಚಿತ್ರದ ಬೆನ್ನಿಗೆ ಜಾರ್ ಅಂಟಿಸಿದರೆ ಒಂದೇ ಫೈಲ್ ಬ್ರೌಸರಿಗೆ ಚಿತ್ರ, ಜಾವಾಕ್ಕೆ ಪ್ರೋಗ್ರಾಮ್.

ಫೋಟೊಗಳಿಗೆ ಇದರ ಮದ್ದು ಸುಲಭ: ಬಂದದ್ದನ್ನು ಇಟ್ಟುಕೊಳ್ಳಬೇಡಿ, ಬಿಚ್ಚಿ ಹೊಸದಾಗಿ ಬರೆಯಿರಿ. ಇಮೇಜ್‌ಐಓದ 'ರೀಡ್' ಚಿತ್ರವನ್ನು ಗುರುತಿಸದಿದ್ದರೆ 'ನಲ್' ಕೊಡುತ್ತದೆ, ಅಲ್ಲೇ ತಿರಸ್ಕರಿಸಿ. ಗುರುತಿಸಿದರೆ ಹೊಸ ಜೆಪೆಗ್ ಆಗಿ ಬರೆದುಕೊಳ್ಳಿ. ಬೆನ್ನಿಗೆ ಅಂಟಿದ್ದೆಲ್ಲ ಕಳಚಿಹೋಗುತ್ತದೆ, ಫೋಟೊ ತೆಗೆದ ಮನೆಯ ಜಿಪಿಎಸ್ ಗುರುತು ಕೂಡ. ಹದಿನೆಂಟರ ಹೆಣ್ಣುಮಗಳ ಮನೆ ಎಲ್ಲಿದೆ ಎಂಬುದು ಫೋಟೊದೊಳಗೆ ಕೂತು ನಮ್ಮ ಡಿಸ್ಕಿಗೆ ಬರಬೇಕಾಗಿಯೇ ಇಲ್ಲ. ಒಂದು ತೊಡಕುಂಟು. ಫೋಟೊ ನೆಟ್ಟಗಿದೆಯೋ ಅಡ್ಡವಿದೆಯೋ ಎಂಬ ಸೂಚನೆಯೂ ಜಿಪಿಎಸ್ ಗುರುತು ಕೂರುವ ಅದೇ ಮಾಹಿತಿ ಭಾಗವಾದ ಎಕ್ಸಿಫ್‌ನಲ್ಲಿದೆ. ಅದನ್ನು ಮೊದಲೇ ಓದಿ ತಿರುಗಿಸದಿದ್ದರೆ ಫೋನಿನ ಫೋಟೊಗಳಲ್ಲಿ ಮುಖ ಅಡ್ಡ ಮಲಗಿರುತ್ತದೆ.

ಬಿಚ್ಚುವ ಮುನ್ನ ಇಮೇಜ್‌ರೀಡರ್‌ನಿಂದ ಅಗಲ, ಎತ್ತರ ಕೇಳಿಕೊಳ್ಳಿ. ಒಂದೇ ಬಣ್ಣದ 20,000 × 20,000 ಪಿಕ್ಸೆಲ್ ಚಿತ್ರ ಡಿಸ್ಕಿನಲ್ಲಿ ಪುಟ್ಟದಾಗಿರುತ್ತದೆ. ಬಿಚ್ಚಿದರೆ ಪಿಕ್ಸೆಲ್‌ಗೆ 3 ಬೈಟ್ ಎಂದರೂ 120 ಕೋಟಿ ಬೈಟ್ ಮೆಮರಿ ನುಂಗುತ್ತದೆ.

ಪಿಡಿಎಫ್‌ಗೆ ಈ ಉಪಾಯ ನಡೆಯದು. ಪಿಡಿಎಫ್ ಓದುವ ಲೈಬ್ರರಿಯಾದ ಪಿಡಿಎಫ್‌ಬಾಕ್ಸ್‌ನಲ್ಲಿ ತೆರೆಯುತ್ತದೆಯೇ ನೋಡಿ, ಕ್ಲ್ಯಾಮ್‌ಎವಿಗೆ ಕೊಟ್ಟು ವೈರಸ್ ಪರೀಕ್ಷೆ ಮಾಡಿಸಿ. ಆ ಪರೀಕ್ಷೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು 68 ಬೈಟ್‌ನ ಐಕಾರ್ ಎಂಬ ಪರೀಕ್ಷಾ ಫೈಲ್ ಸಾಕು. ಅದರಿಂದ ಅಪಾಯವಿಲ್ಲ.

ಎಲ್ಲಿ, ಯಾವ ಹೆಸರಿನಲ್ಲಿ ಇಡಬೇಕು?

ಆ್ಯಪ್‌ನ ಫೋಲ್ಡರಿನ ಹೊರಗೆ, ಯುಯುಐಡಿ ಕ್ಲಾಸ್ ಕೊಡುವ ಯಾದೃಚ್ಛಿಕ ಹೆಸರಿನಲ್ಲಿ ಇಡಿ. ಮರಳಿ ಕೊಡುವಾಗ ಸರ್ವ್‌ಲೆಟ್ ಮೂಲಕವೇ ಕೊಡಿ. ಬ್ರೌಸರ್ ಫೈಲಿನ ಬಗೆಯನ್ನು ತಾನೇ ಊಹಿಸದಂತೆ 'ನೋಸ್ನಿಫ್' ಹೆಡರ್ ಇರಲಿ, ಅಲ್ಲೇ ತೆರೆಯದೆ ಇಳಿಸಿಕೊಳ್ಳುವಂತೆ ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ 'ಅಟ್ಯಾಚ್‌ಮೆಂಟ್' ಇರಲಿ.

ಅರ್ಜಿದಾರರು ಇಟ್ಟ ಹೆಸರನ್ನು ಡೇಟಾಬೇಸಿನಲ್ಲಿ ಹಾಗೆಯೇ ಕಾಪಾಡಿ. ಎ-ಯಿಂದ-ಜಡ್ ಬಿಟ್ಟು ಬೇರೆ ಅಕ್ಷರ ಕಂಡರೆ ತಿರಸ್ಕರಿಸುವ ಕೋಡನ್ನು ಬಹಳ ಕಡೆ ನೋಡಿದ್ದೇನೆ. ಫೈಲಿಗೆ 'ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ' ಎಂದು ಕನ್ನಡದಲ್ಲಿ ಹೆಸರಿಟ್ಟ ವಿದ್ಯಾರ್ಥಿ ಅಲ್ಲಿ ತಪ್ಪಿತಸ್ಥ. ಅದು ಸರಿಯಲ್ಲ. ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುವುದೂ ಬೇಡ. 'ಎಸ್‌ಎಸ್‌ಎಲ್‌ಸಿ' ಎಂಬುದರಲ್ಲಿ 'ಲ್' ಮತ್ತು 'ಸಿ' ಬಿಡಿಯಾಗಿ ಕಾಣಿಸುವುದೇ ನಡುವಿನ ಕಾಣದ ಜಂಟಿತಡೆ ಅಕ್ಷರದಿಂದ, ಅದನ್ನು ಕಿತ್ತರೆ 'ಸ' ಒತ್ತಾಗಿ ಅಂಟಿಕೊಳ್ಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಲಿನಕ್ಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ, ಅಂದರೆ ಕನ್ನಡಕ್ಕೆ 85 ಸಂಕೇತಗಳಷ್ಟೇ. ಡಿಸ್ಕಿನಲ್ಲಿ ಯುಯುಐಡಿ ಇಟ್ಟರೆ ಈ ತಲೆನೋವೂ ಹೋಗುತ್ತದೆ.

ತಿರಸ್ಕರಿಸುವಾಗ 'ಅಮಾನ್ಯ ಫೈಲ್' ಎಂದಷ್ಟೇ ಹೇಳಿ ಕಳಿಸಬೇಡಿ. ಕೊನೆಯ ದಿನ ಸಾಲಿನಲ್ಲಿ ನಿಂತು ಅರ್ಜಿ ಹಾಕುವವರಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ, ಮತ್ತೆ ಹೆಸರು ತಿದ್ದಿ ಹಾಕುತ್ತಾರೆ. ಆ ಪೋರ್ಟಲ್‌ನಲ್ಲಿ ಎಚ್‌ಇಐಸಿ ಸಿಕ್ಕಾಗ ಈಗ ಬರುವ ಸಂದೇಶ ಇದು: 'ಈ ಫೋಟೊ ಐಫೋನಿನ ಎಚ್‌ಇಐಸಿ ಬಗೆಯದು. ಹೆಸರು ಬದಲಿಸಿದರೆ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್‌, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ ಇನ್ನೊಂದು ಫೋಟೊ ತೆಗೆದು ಹಾಕಿ. ನೀವು ತುಂಬಿದ ಉಳಿದ ವಿವರಗಳು ಹಾಗೆಯೇ ಇವೆ.'